ಚಿಪ್ಪುಹಂದಿಯ ಸಂಶೋಧನೆ: ಪ್ರಾಣಿಯೇ ಕಣ್ಣಿಗೆ ಬೀಳದಿದ್ದರೆ ಮಾಡುವ ಕೆಲಸವಾದರೂ ಏನು?

ಪ್ರಶ್ನೆ – ನೀಲಿಕಣಜ

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪಿಎಚ್.ಡಿ.ಗೆ ಭಾರತೀಯ ಚಿಪ್ಪುಹಂದಿಯನ್ನೇ (ಪ್ಯಾಂಗೋಲಿನ್) ಆರಿಸಿಕೊಳ್ಳಬೇಕೆಂದು ಮನಸ್ಸು ಹಟ ಹಿಡಿದಿದೆ. ಆದರೆ ವಿಷಯ ಬಾಯಿಬಿಟ್ಟ ಕೂಡಲೇ ಎಲ್ಲರದ್ದೂ ಒಂದೇ ರಾಗ: ಅದು ರಾತ್ರಿ ತಿರುಗುವ ಪ್ರಾಣಿ, ಹಗಲೆಲ್ಲ ನೆಲದೊಳಗೆ ಮಲಗಿರುತ್ತದೆ, ಐದು ವರ್ಷ ಕಾಡು ಸುತ್ತಿದರೂ ಕಣ್ಣಿಗೆ ಬೀಳುವುದಿಲ್ಲ, ಕೊನೆಗೆ ಪ್ರಬಂಧದಲ್ಲಿ ಏನು ಬರೆಯುತ್ತೀಯ? ವಿಭಾಗದ ಹಿರಿಯರೊಬ್ಬರು "ಕಪ್ಪೆಯನ್ನೋ ಚಿಟ್ಟೆಯನ್ನೋ ಹಿಡಿದುಕೊ, ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ" ಎಂದು ಹೇಳಿ ಕೈತೊಳೆದುಕೊಂಡರು.

ಪುಸ್ತಕದಲ್ಲಿ ಸಿಗುವಷ್ಟನ್ನು ಓದಿಕೊಂಡಿದ್ದೇನೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಸಭೆ ಎಂಟೂ ಪ್ರಭೇದಗಳನ್ನು ಒಂದನೇ ಪಟ್ಟಿಗೆ ಸೇರಿಸಿತು, ಎಂದರೆ ಕಾಡಿನಿಂದ ಹಿಡಿದ ಚಿಪ್ಪುಹಂದಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪೂರ್ತಿ ನಿಷೇಧ. ಇವೆಲ್ಲ ಸರಿ. ಆದರೆ ಇದನ್ನು ಉಳಿಸುವ ವಿಜ್ಞಾನಿ ಬೆಳಗ್ಗೆ ಎದ್ದು ಮಾಡುವ ಕೆಲಸ ಏನು ಎಂಬುದು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಮುಚ್ಚುಮರೆಯಿಲ್ಲದೆ ಬರೆಯಿರಿ. ಹೆದರಿಸಿದರೂ ಪರವಾಗಿಲ್ಲ.

ನೇರಮಾತು

ಹುಲಿಯನ್ನು ಆರಿಸಿಕೊಳ್ಳಿ, ಅನುದಾನ ಸಿಗುತ್ತದೆ. ಇಲ್ಲವೇ ಮೊಸಳೆಗೆ ಮಾಡಿದಂತೆ ಇದನ್ನೂ ಸಾಕಿ, ಮರಿ ಮಾಡಿಸಿ ಕಾಡಿಗೆ ಬಿಟ್ಟರೆ ಮುಗಿಯಿತು. ಕಾಣದ ಪ್ರಾಣಿಯ ಹಿಂದೆ ಐದು ವರ್ಷ ಅಲೆಯುವುದು ಹಣ ಮತ್ತು ಹರೆಯ ಎರಡರ ದಂಡ. ನೊಂದುಕೊಳ್ಳಬೇಡಿ, ಅನಿಸಿದ್ದನ್ನು ಹೇಳಿದೆ.

ಗೆದ್ದಲುಹುತ್ತ

ನೀಲಿಕಣಜ ಅವರೇ, ಚಿಪ್ಪುಹಂದಿಯ ಬೆನ್ನು ಹತ್ತಿದವರಲ್ಲಿ ನಾನೂ ಒಬ್ಬಳು. ಹೆದರಿಸಿದರೂ ಪರವಾಗಿಲ್ಲ ಎಂದಿದ್ದೀರಿ, ಹಾಗಾಗಿ ಮೊದಲು ಕೆಟ್ಟ ಸುದ್ದಿ. ನಿಮ್ಮ ವಿಭಾಗದವರು ಹೇಳಿದ್ದು ಸುಳ್ಳಲ್ಲ. ಜೀವಂತ ಪ್ರಾಣಿಯನ್ನು ನೀವು ನೋಡುವುದು ಕಡಿಮೆ. ನೋಡಿದರೂ ಬಹುಪಾಲು ಸಲ ಅದು ಕಾಡಿನಲ್ಲಿ ನಡೆದಾಡುತ್ತಿರುವುದಿಲ್ಲ, ಕಳ್ಳಬೇಟೆಗಾರರ ಗೋಣಿಚೀಲದಿಂದ ಈಗಷ್ಟೇ ಹೊರಬಂದು ಮುದ್ದೆಯಾಗಿ ಸುತ್ತಿಕೊಂಡಿರುತ್ತದೆ. ಅದನ್ನು ತಡೆದುಕೊಳ್ಳುವ ಮನಸ್ಸು ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ಹುಲಿಯ ಜೊತೆ ಹೋಲಿಸುವವರು ಒಂದು ಸಂಗತಿ ಮರೆಯುತ್ತಾರೆ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿಗಳ ಸಾಂದ್ರತೆ ಲೆಕ್ಕಹಾಕಲು ಸಾಧ್ಯವಾದದ್ದು ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ ಇದ್ದುದರಿಂದ. ಯಾವ ಹುಲಿ ಮತ್ತೆ ಬಂತು, ಯಾವುದು ಹೊಸದು ಎಂದು ಚಿತ್ರವೇ ಹೇಳುತ್ತದೆ. ಚಿಪ್ಪುಹಂದಿಗೆ ಅಂಥ ಗುರುತು ಇಲ್ಲ. ಎರಡು ರಾತ್ರಿಯ ಎರಡು ಚಿತ್ರಗಳಲ್ಲಿ ಇರುವುದು ಒಂದೇ ಪ್ರಾಣಿಯೋ ಎರಡೋ ಎಂದು ಹೇಳಲು ಆಗುವುದಿಲ್ಲ. ಜೊತೆಗೆ ಹುಲಿಯ ಕ್ಯಾಮೆರಾ ಕೂರುವುದು ಜೀಪು ಓಡಾಡುವ ಕಾಡುದಾರಿಯಲ್ಲಿ, ಮೊಣಕಾಲೆತ್ತರದಲ್ಲಿ. ಈ ಪ್ರಾಣಿ ದಾರಿ ಹಿಡಿದು ನಡೆಯುವುದಿಲ್ಲ, ಮೂಗು ನೆಲಕ್ಕೆ ಹಚ್ಚಿಕೊಂಡು ಪೊದೆಯಿಂದ ಪೊದೆಗೆ ನುಸುಳುತ್ತದೆ. 2022ರ ಗಣತಿ ದೇಶದಲ್ಲಿ ಸರಾಸರಿ 3,682 ಹುಲಿಗಳಿವೆ ಎಂದಿತು. ಚಿಪ್ಪುಹಂದಿಗೆ ಅಂಥ ಒಂದು ಸಂಖ್ಯೆ ಇಲ್ಲ. ಎಷ್ಟಿವೆ ಎಂದು ಗೊತ್ತಿಲ್ಲದ ಪ್ರಾಣಿಯನ್ನು ಕಡಿಮೆಯಾಗದಂತೆ ನೋಡಿಕೊಳ್ಳುವುದು, ಇದೇ ನಮ್ಮ ಉದ್ಯೋಗ.

ಹಾಗಾದರೆ ನೋಡುವುದು ಏನನ್ನು? ಬಿಲವನ್ನು. ನಿಮ್ಮ ಮೊದಲ ವರ್ಷ ಪೂರ್ತಿ ಬಿಲದ ಬಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕಳೆಯುತ್ತದೆ ಎಂದಿಟ್ಟುಕೊಳ್ಳಿ. ಚಿಪ್ಪುಹಂದಿಯ ಬಿಲಗಳಲ್ಲಿ ಎರಡು ಬಗೆ. ಇರುವೆ ಗೆದ್ದಲಿಗಾಗಿ ತೋಡಿದ್ದು ಆಳವಿರುವುದಿಲ್ಲ, ಒಡೆದ ಹುತ್ತದ ಪಕ್ಕದಲ್ಲೋ ಮರದ ಬೇರಿನಡಿಯಲ್ಲೋ ಇರುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಹಾಗೆಯೇ ಬಿಟ್ಟು ಹೋಗುತ್ತದೆ. ಮಲಗುವ ಬಿಲ ಆಳವಾದದ್ದು. ಒಳಗೆ ಹೋದ ಮೇಲೆ ಎಷ್ಟೋ ಸಲ ಅದು ಬಾಯಿಯನ್ನು ಒಳಗಿನಿಂದಲೇ ಸಡಿಲ ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಹೊಸಬರು ಅದನ್ನು ಕುಸಿದ ಹಳೆಯ ಬಿಲ ಎಂದುಕೊಂಡು ಮುಂದೆ ನಡೆದುಬಿಡುತ್ತಾರೆ. ಹತ್ತಿರ ಹೋಗಿ ನೋಡಿ. ಮುಚ್ಚಿದ ಮಣ್ಣು ಸುತ್ತಲಿನದಕ್ಕಿಂತ ಹಸಿಯಾಗಿ, ಪುಡಿಯಾಗಿ ಇರುತ್ತದೆ, ಮೇಲೆ ಒಂದು ಒಣ ಎಲೆಯೂ ಬಿದ್ದಿರುವುದಿಲ್ಲ. ಪಕ್ಕದ ಗೋಡೆಯಲ್ಲಿ ಉಗುರಿನ ಗೀರುಗಳು ಸಮಾನಾಂತರವಾಗಿ ಇಳಿದಿರುತ್ತವೆ. ಮುಂಗಾಲಿನ ನಡುವಿನ ಮೂರು ಉಗುರುಗಳು ಉದ್ದ, ಹಾಗಾಗಿ ಮೂರು ಗೀರು. ಹೊರಗಿನ ಮಣ್ಣಿನ ಮೇಲೆ ಬಾಲ ಎಳೆದ ಪಟ್ಟೆ ಸಿಕ್ಕರೆ ನಿಮ್ಮ ಅದೃಷ್ಟ.

ಬಿಲ ಎಂದ ಮಾತ್ರಕ್ಕೆ ಒಳಗೆ ಚಿಪ್ಪುಹಂದಿಯೇ ಇರಬೇಕೆಂದಿಲ್ಲ. ಮುಳ್ಳುಹಂದಿ ಅದನ್ನು ತನ್ನದಾಗಿಸಿಕೊಳ್ಳುತ್ತದೆ, ಬಾಯಿಯ ಬಳಿ ಮುಳ್ಳು ಮತ್ತು ಕಡಿದ ಮೂಳೆಯ ಚೂರು ಬಿದ್ದಿದ್ದರೆ ಅದೇ. ಉಡ ಸೇರಿಕೊಳ್ಳುತ್ತದೆ, ಹಾವು ಸೇರಿಕೊಳ್ಳುತ್ತದೆ, ಆದ್ದರಿಂದ ಕೈ ಹಾಕಬೇಡಿ. ಬಾಯಿಗೆ ಅಡ್ಡಲಾಗಿ ಜೇಡರ ಬಲೆ ಇದ್ದರೆ ಯಾರೂ ಓಡಾಡಿಲ್ಲ. ಸಂದೇಹವಿದ್ದಾಗ ನಾವು ಸಣ್ಣ ಒಣಕಡ್ಡಿಗಳನ್ನು ಬಾಯಿಗೆ ಅಡ್ಡ ನಿಲ್ಲಿಸಿ ಬರುತ್ತೇವೆ. ಮರುದಿನ ಅವು ಹೊರಕ್ಕೆ ಬಿದ್ದಿದ್ದರೆ ಒಳಗಿದ್ದದ್ದು ಹೊರಟಿದೆ. ಆಗ ಅಲ್ಲಿ ಕ್ಯಾಮೆರಾ. ಖರ್ಚಿಲ್ಲದ ಉಪಾಯ, ಆದರೆ ನಮ್ಮ ಅರ್ಧ ಕೆಲಸ ಅದರ ಮೇಲೆಯೇ ನಿಂತಿದೆ.

ಲದ್ದಿ ಸಿಕ್ಕರೆ ಅದು ಹಬ್ಬ. ಒಣಗಿಸಿ, ನೀರಿನಲ್ಲಿ ನೆನೆಸಿ, ಸಣ್ಣ ಜರಡಿಯಲ್ಲಿ ಸೋಸಿದರೆ ಮಣ್ಣು ಹೋಗಿ ಇರುವೆಯ ತಲೆಗಳು ಉಳಿಯುತ್ತವೆ. ಹಲ್ಲಿಲ್ಲದ ಪ್ರಾಣಿಯಲ್ಲವೇ, ಅಗಿಯುವುದಿಲ್ಲ. ತಲೆಗಳು ಎಷ್ಟೋ ಸಲ ಇಡಿಯಾಗಿಯೇ ಸಿಗುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೇ ಯಾವ ಜಾತಿಯದು ಎಂದು ಬೇರ್ಪಡಿಸುವುದು ನಿಮ್ಮ ಮಳೆಗಾಲದ ಕೆಲಸ. ಚಿಪ್ಪುಹಂದಿಯ ಪ್ರಬಂಧ ಬರೆಯಲು ಹೊರಟವರು ಇರುವೆಯ ವರ್ಗೀಕರಣ ಕಲಿಯದೆ ಗತಿಯಿಲ್ಲ. ನಿಮ್ಮ ಹೆಸರು ನೋಡಿದರೆ ಕೀಟಗಳ ಮೇಲೆ ನಿಮಗೆ ಮೊದಲೇ ಒಲವಿರುವಂತಿದೆ, ಒಳ್ಳೆಯದಾಯಿತು.

ರೇಡಿಯೊ ಟ್ಯಾಗ್ ಬಗ್ಗೆಯೂ ಕೇಳುತ್ತೀರಿ ಎಂದು ಗೊತ್ತು. ಕೊರಳಪಟ್ಟಿ ಇದಕ್ಕೆ ನಿಲ್ಲುವುದಿಲ್ಲ, ತಲೆಗಿಂತ ಕತ್ತು ದಪ್ಪ. ಬೆನ್ನಿನ ಹಿಂಭಾಗದ ಒಂದು ಚಿಪ್ಪಿನ ಅಂಚಿನಲ್ಲಿ ಸಣ್ಣ ತೂತು ಕೊರೆದು ಟ್ಯಾಗ್ ಕಟ್ಟುತ್ತಾರೆ. ಚಿಪ್ಪು ಕೆರಾಟಿನ್, ನಮ್ಮ ಉಗುರಿನದೇ ವಸ್ತು, ಅಂಚಿನಲ್ಲಿ ಕೊರೆದರೆ ನೋವಾಗುವುದಿಲ್ಲ. ಆದರೆ ಪ್ರಾಣಿ ಬಿಲದೊಳಗೆ ಇಳಿದ ಮೇಲೆ ಉಪಗ್ರಹಕ್ಕೆ ಕಾಣುವುದಿಲ್ಲ, ರೇಡಿಯೊ ಸಂಕೇತವೂ ಮಣ್ಣಿನಡಿಯಲ್ಲಿ ಕ್ಷೀಣಿಸುತ್ತದೆ. ಆಂಟೆನಾ ಹಿಡಿದು ಕಲ್ಲುಗುಡ್ಡದ ಸುತ್ತ ಗಿರಕಿ ಹೊಡೆಯಬೇಕು. ಬಿಲದ ಗೋಡೆಗೆ ಉಜ್ಜಿ ಉಜ್ಜಿ ಟ್ಯಾಗ್ ಕಿತ್ತುಬರುವುದೂ ಉಂಟು. ಮಧ್ಯಪ್ರದೇಶದಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಕನ್ಸರ್ವೇಶನ್ ಟ್ರಸ್ಟ್ ಸೇರಿ, ಕಳ್ಳರ ಕೈಯಿಂದ ಬಿಡಿಸಿದ ಚಿಪ್ಪುಹಂದಿಗಳಿಗೆ ಹೀಗೆ ಟ್ಯಾಗ್ ಹಾಕಿ ಕಾಡಿಗೆ ಬಿಟ್ಟು ಹಿಂಬಾಲಿಸಿವೆ. ಬಿಟ್ಟ ಪ್ರಾಣಿ ಬದುಕಿತೇ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಗೋಣಿಚೀಲದಲ್ಲಿ ದಿನಗಟ್ಟಲೆ ನೀರು ಆಹಾರವಿಲ್ಲದೆ ಇದ್ದದ್ದು ಹೊರಗೆ ಗಾಯವಿಲ್ಲದಿದ್ದರೂ ಒಳಗೆ ಸೋತಿರುತ್ತದೆ. "ರಕ್ಷಿಸಿ ಕಾಡಿಗೆ ಬಿಡಲಾಯಿತು" ಎಂಬ ಪತ್ರಿಕೆಯ ಸಾಲು ಓದಿ ಸಂತೋಷಪಡುವ ಅಭ್ಯಾಸ ನನಗೆ ಎಂದೋ ಹೋಗಿದೆ.

ಇನ್ನು ನೇರಮಾತು ಅವರಿಗೆ. ಮೊಸಳೆಯ ಉದಾಹರಣೆ ಇಲ್ಲಿ ಹೊಂದುವುದಿಲ್ಲ ಸ್ವಾಮಿ. 1975ರ ಮೊಸಳೆ ಯೋಜನೆ ಗೆದ್ದದ್ದು ಒಂದು ಗೂಡಿನಲ್ಲಿ ಹತ್ತಾರು ಮೊಟ್ಟೆ ಸಿಗುತ್ತಿದ್ದುದರಿಂದ. ಮೊಟ್ಟೆ ತಂದು, ಮರಿ ಮಾಡಿ, ಬೆಳೆಸಿ ಬಿಟ್ಟರು. ಚಿಪ್ಪುಹಂದಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದನ್ನು ಬಾಲದ ಬುಡದ ಮೇಲೆ ಹೊತ್ತುಕೊಂಡು ತಿರುಗುತ್ತದೆ. ಒಡಿಶಾದ ನಂದನಕಾನನದಲ್ಲಿ 2009ರಿಂದ ಇದಕ್ಕೆಂದೇ ಸಂತಾನಾಭಿವೃದ್ಧಿ ಕೇಂದ್ರವಿದೆ, ಅಲ್ಲಿ ಮರಿಗಳೂ ಹುಟ್ಟಿವೆ. ಈ ಪ್ರಾಣಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು. ಹಾಗೆಂದು ಕಾಡಿನಿಂದ ಹೋಗುತ್ತಿರುವ ವೇಗಕ್ಕೆ ಸಾಕಿ ತುಂಬಿಕೊಡುತ್ತೇವೆ ಎಂದು ಅಲ್ಲಿನವರೂ ಹೇಳುವುದಿಲ್ಲ. ಸೆರೆಯಲ್ಲಿ ಇದು ಬಲು ನಾಜೂಕು. ಆಹಾರ ಒಗ್ಗುವುದಿಲ್ಲ, ಹೆದರಿಕೆಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಶ್ವಾಸಕೋಶದ ಸೋಂಕು ಅಂಟಿಕೊಳ್ಳುತ್ತದೆ.

ಎಷ್ಟು ವೇಗ ಎಂದು ಕೇಳಿದರೆ: ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಎಂಬ ಸಂಸ್ಥೆ ಮತ್ತು ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ ಲೆಕ್ಕದಂತೆ 2018ರಿಂದ 2022ರವರೆಗೆ ನಮ್ಮ ದೇಶದಲ್ಲಿ ಜಪ್ತಿಯಾದ ಮಾಲಿಗೆ ಬಲಿಯಾದ ಅಥವಾ ಸೆರೆಯಾದ ಚಿಪ್ಪುಹಂದಿಗಳು 1,203. ಒಡಿಶಾ, ಮಹಾರಾಷ್ಟ್ರ ಮುಂದಿದ್ದವು. ಇದು ಸಿಕ್ಕಿಬಿದ್ದವರ ಲೆಕ್ಕ. ಸಿಕ್ಕಿಬೀಳದವರು ಲೆಕ್ಕ ಕೊಡುವುದಿಲ್ಲ.

ಸೂಕ್ಷ್ಮದರ್ಶಕ

ಗೆದ್ದಲುಹುತ್ತ ಅವರು ಕಾಡಿನ ಕಡೆಯಿಂದ ಬರೆದರು, ನಾನು ಪ್ರಯೋಗಾಲಯದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ನನ್ನ ಮೇಜಿನ ಮೇಲೆ ಬರುವುದು ಪ್ರಾಣಿಯಲ್ಲ, ಸೀಲು ಹಾಕಿದ ಲಕೋಟೆ.

ಜಪ್ತಿಯಾದ ಚಿಪ್ಪಿನ ಡಿಎನ್‌ಎ ತೆಗೆದು ಇದು ಯಾವ ಪ್ರಭೇದ ಎಂದು ಹೇಳುವುದು ನಮ್ಮ ಮೊದಲ ಕೆಲಸ. ನ್ಯಾಯಾಲಯಕ್ಕೆ ಅದು ಬೇಕು. ಮೊದಲನೇ ಅನುಸೂಚಿಯ ಪ್ರಾಣಿ ಎಂದು ರುಜುವಾತಾದರೆ ಮೂರರಿಂದ ಏಳು ವರ್ಷ ಸೆರೆಮನೆ. ಆದರೆ ಚಿಪ್ಪು ಇನ್ನೂ ಹೆಚ್ಚು ಹೇಳುತ್ತದೆ. 2023ರಲ್ಲಿ ವಿಜ್ಞಾನಿಗಳು ಹಾಂಗ್‌ಕಾಂಗ್ ಮತ್ತು ಚೀನಾದ ಯುನ್ನಾನ್‌ನಲ್ಲಿ ಜಪ್ತಿಯಾಗಿದ್ದ ಚಿಪ್ಪುಗಳ ಡಿಎನ್‌ಎಯಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ ಒಂದು ಏಷ್ಯಾದ ಚಿಪ್ಪುಹಂದಿಯ ಗುರುತು ಕಂಡು ಅದನ್ನು ಪ್ರತ್ಯೇಕ ಪ್ರಭೇದವೆಂದು ಮುಂದಿಟ್ಟರು. ಯೋಚಿಸಿ ನೋಡಿ: ವಿಜ್ಞಾನಕ್ಕಿಂತ ಮೊದಲು ಕಳ್ಳರಿಗೆ ಆ ಪ್ರಾಣಿ ಸಿಕ್ಕಿತ್ತು. ಕಾಣದ ಪ್ರಾಣಿಯ ಬಗ್ಗೆ ಪ್ರಬಂಧದಲ್ಲಿ ಬರೆಯುವುದೇನು ಎನ್ನುವವರಿಗೆ ಇದನ್ನು ತೋರಿಸಿ.

ಪತ್ರಿಕೆಯವರು ಕಿಲೋ ಲೆಕ್ಕ ಕೊಟ್ಟಾಗ ಎಚ್ಚರದಿಂದ ಓದಿ. ಆಗ್ನೇಯ ಏಷ್ಯಾದ ಒಂದು ಸುಂಡಾ ಚಿಪ್ಪುಹಂದಿಯಿಂದ ಸಿಗುವ ಒಣ ಚಿಪ್ಪು ಸುಮಾರು 360 ಗ್ರಾಂ, ಚೀನೀ ಪ್ರಭೇದದ್ದು ಸುಮಾರು 570 ಗ್ರಾಂ, ನಮ್ಮ ಭಾರತೀಯ ಚಿಪ್ಪುಹಂದಿಯದ್ದು ಮೂರೂವರೆ ಕಿಲೋ ಆಸುಪಾಸು. ಹತ್ತು ಕಿಲೋ ಎಂದರೆ ಒಂದು ಕಡೆ ಮೂರು ಪ್ರಾಣಿ, ಇನ್ನೊಂದು ಕಡೆ ಇಪ್ಪತ್ತೆಂಟು. ಪ್ರಭೇದ ತಿಳಿಯದೆ ಗುಣಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. 2019ರ ಏಪ್ರಿಲ್‌ನಲ್ಲಿ ಸಿಂಗಪುರದ ಬಂದರಿನಲ್ಲಿ ಒಂದೇ ವಾರದೊಳಗೆ ಎರಡು ಕಂಟೇನರ್‌ಗಳಿಂದ 25 ಟನ್‌ಗೂ ಹೆಚ್ಚು ಚಿಪ್ಪು ಸಿಕ್ಕಿತು. ನೈಜೀರಿಯಾದಿಂದ ವಿಯೆಟ್ನಾಂ ಕಡೆಗೆ ಹೊರಟಿದ್ದ ಮಾಲು. ಸುಮಾರು 38,000 ಪ್ರಾಣಿಗಳದ್ದು ಎಂದು ಅಂದಾಜಿಸಿದರು.

ಇನ್ನೊಂದು: ಕ್ಷೇತ್ರದಲ್ಲಿ ಚಿಪ್ಪು ಸಿಕ್ಕರೆ ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ. ಜೆಲಟಿನ್ ಹಾಳೆಯಿಂದ ಚಿಪ್ಪಿನ ಮೇಲಿನ ಬೆರಳಚ್ಚನ್ನು ಎತ್ತುವ ವಿಧಾನವನ್ನು 2018ರಲ್ಲೇ ಬ್ರಿಟನ್ನಿನಲ್ಲಿ ರೂಪಿಸಿದ್ದಾರೆ. ಮಹಜರಿನ ಮೊದಲೇ ಹತ್ತು ಜನ ಎತ್ತಿ ನೋಡಿ, ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡ ಜಪ್ತಿಮಾಲು ಬಂದಾಗ ನನಗೆ ಎಷ್ಟು ಸಿಟ್ಟು ಬರುತ್ತದೆ ಎಂದು ಇಲ್ಲಿ ಬರೆಯುವಂತಿಲ್ಲ.

ನೀಲಿಕಣಜ

ಇಬ್ಬರಿಗೂ ಧನ್ಯವಾದ. ಹೆದರಿಕೆ ಆಗಲಿಲ್ಲ, ಬದಲಿಗೆ ಆಸೆ ಹೆಚ್ಚಿತು. ಇನ್ನೆರಡು ಪ್ರಶ್ನೆ ಕೇಳಲೇ ಮೇಡಂ?

ವಿಯೆಟ್ನಾಂನ ನ್ಗುಯೆನ್ ವಾನ್ ಥಾಯ್ ಅವರಿಗೆ 2021ರಲ್ಲಿ ಪರಿಸರ ಹೋರಾಟಗಾರರಿಗೆ ಕೊಡುವ ಗೋಲ್ಡ್‌ಮನ್ ಪ್ರಶಸ್ತಿ ಬಂದ ಬಗ್ಗೆ ಓದಿದೆ. ಅವರು ಮಾಡಿದ ಕೆಲಸವನ್ನು ಒಬ್ಬ ಸಂಶೋಧಕ ಇಲ್ಲಿ ಮಾಡಬಹುದೇ, ಅಥವಾ ಅದು ಸಂಶೋಧನೆಯೇ ಅಲ್ಲವೇ? ಎರಡನೆಯದು, ಈಗ ಎಲ್ಲ ಪತ್ರಿಕೆಗಳೂ ದತ್ತಾಂಶವನ್ನು ಬಹಿರಂಗಪಡಿಸಿ ಎನ್ನುತ್ತವೆ. ಬಿಲಗಳ ಜಿಪಿಎಸ್ ಬಿಂದುಗಳನ್ನೂ ಕೊಡಬೇಕೇ?

ಗೆದ್ದಲುಹುತ್ತ

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಕೊಡಬೇಡಿ. ಬಿಂದು ಕೊಟ್ಟರೆ ಹಾರೆ ಹಿಡಿದವನಿಗೆ ದಾರಿ ತೋರಿಸಿದಂತೆ. ತಾಲ್ಲೂಕಿನ ಮಟ್ಟಕ್ಕೆ ಮಸುಕುಗೊಳಿಸಿದ ನಕ್ಷೆ ಸಾಕು, ಒತ್ತಾಯಿಸುವ ಸಂಪಾದಕರಿಗೆ ಕಾರಣ ಬರೆದು ತಿಳಿಸಿದರೆ ಒಪ್ಪುತ್ತಾರೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲೇ ಸ್ಥಳದ ಮಾಹಿತಿ ಅಡಗಿರುತ್ತದೆ, ಹಂಚುವ ಮೊದಲು ಅಳಿಸಿ. ಹಿನ್ನೆಲೆಯಲ್ಲಿ ಗುರುತು ಹಿಡಿಯಬಹುದಾದ ಬೆಟ್ಟ, ದೇವಸ್ಥಾನ, ಮೈಲಿಗಲ್ಲು ಬಾರದಂತೆ ನೋಡಿಕೊಳ್ಳಿ.

ಥಾಯ್ ಅವರ ಕೆಲಸ ಸಂಶೋಧನೆಯೇ ಎಂಬುದು ಒಳ್ಳೆಯ ಪ್ರಶ್ನೆ. 2014ರಲ್ಲಿ ಅವರು ಸಂಸ್ಥೆ ಕಟ್ಟಿದರು, 2020ರವರೆಗೆ 1,540 ಚಿಪ್ಪುಹಂದಿಗಳನ್ನು ಕಳ್ಳಸಾಗಣೆಯಿಂದ ಬಿಡಿಸಿದರು. 2018ರಿಂದ ಪು ಮಾಟ್ ರಾಷ್ಟ್ರೀಯ ಉದ್ಯಾನದಲ್ಲಿ ಅವರ ಗಸ್ತು ತಂಡ ಕಿತ್ತುಹಾಕಿದ ಉರುಳು ಮತ್ತು ಬೋನುಗಳು 9,701, ಕೆಡವಿದ ಅಕ್ರಮ ಬಿಡಾರಗಳು 775. ಪ್ರಶಸ್ತಿ ಕೊಡುವಾಗ ಎಣಿಸಿದ್ದು ಉರುಳುಗಳನ್ನು, ಪ್ರಬಂಧಗಳನ್ನಲ್ಲ. ನಮ್ಮಲ್ಲಿ ಗಸ್ತು ಅರಣ್ಯ ಇಲಾಖೆಯ ಕೆಲಸ, ಸಂಶೋಧಕರು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ, ಕೈಗೆತ್ತಿಕೊಳ್ಳಲೂ ಬಾರದು. ಆದರೆ ಯಾವ ಬೀಟಿನಲ್ಲಿ (ಒಬ್ಬ ರಕ್ಷಕನ ಗಸ್ತಿನ ಪ್ರದೇಶ) ಯಾವ ತಿಂಗಳು ಬಿಲಗಳು ಅಗೆತಕ್ಕೆ ಸಿಗುತ್ತಿವೆ ಎಂದು ನಿಮ್ಮ ನೋಟ್‌ಬುಕ್ ಹೇಳುತ್ತದಲ್ಲ, ಅದು ಗಸ್ತಿನವರಿಗೆ ಬೇಕು. ಪ್ರಾಣಿ ತೋಡಿದ ಬಿಲಕ್ಕೂ ಮನುಷ್ಯ ಒಡೆದ ಬಿಲಕ್ಕೂ ಒಂದೇ ನೋಟಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ: ಮಣ್ಣಿನಲ್ಲಿ ಹಾರೆಯ ಅಲಗು ಚಪ್ಪಟೆಯಾಗಿ ಕತ್ತರಿಸಿದ ಗುರುತು, ಬಾಯಿಯ ಮೇಲಂಚಿನಲ್ಲಿ ಹೊಗೆಯ ಮಸಿ, ಪಕ್ಕದಲ್ಲಿ ಬೀಡಿ ತುಂಡು. ಒಳಗಿದ್ದದ್ದಕ್ಕೆ ಓಡಲು ಬರುವುದಿಲ್ಲ, ಸುತ್ತಿಕೊಳ್ಳುತ್ತದೆ. ಚಿರತೆಗೆ ಆ ಉಂಡೆಯನ್ನು ಬಿಡಿಸಲಾಗುವುದಿಲ್ಲ. ಮನುಷ್ಯನಿಗೆ ಬಿಡಿಸುವ ಅಗತ್ಯವೇ ಇಲ್ಲ, ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಲಕ್ಷಾಂತರ ವರ್ಷ ಕಾಪಾಡಿದ ಉಪಾಯವೇ ಈಗ ಅದಕ್ಕೆ ಮುಳುವಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ಇದೇ ಸ್ವಭಾವದಿಂದ ವಿದ್ಯುತ್ ಬೇಲಿಗೂ ಸಾಯುತ್ತವೆ. ಕೆಳಗಿನ ತಂತಿಗೆ ಹೊಟ್ಟೆ ತಾಗಿದೊಡನೆ ಓಡಿಹೋಗುವ ಬದಲು ತಂತಿಯನ್ನೇ ಅಪ್ಪಿ ಸುತ್ತಿಕೊಳ್ಳುತ್ತವೆ.

ನನ್ನನ್ನು ಕೇಳಿದರೆ, ನಮ್ಮ ಕಡೆ ಚಿಪ್ಪುಹಂದಿಯನ್ನು ಕೊಲ್ಲುತ್ತಿರುವುದರಲ್ಲಿ ಉರುಳಿನಷ್ಟೇ ಪಾತ್ರ ಗಾಳಿಸುದ್ದಿಗೂ ಇದೆ. ಚಿಪ್ಪು ಮುಖ್ಯವಾಗಿ ಹೋಗುವುದು ಪೂರ್ವ ಏಷ್ಯಾದ ಸಾಂಪ್ರದಾಯಿಕ ಔಷಧಕ್ಕೆ. ಉಗುರು ತಿಂದರೆ ಬರುವ ಗುಣವೇ ಅದರಿಂದಲೂ ಬರುವುದು. ಚೀನಾ ಕೂಡ 2020ರಲ್ಲಿ ತನ್ನ ಅಧಿಕೃತ ಔಷಧಕೋಶದ ಮೂಲಪದಾರ್ಥಗಳ ಪಟ್ಟಿಯಿಂದ ಚಿಪ್ಪನ್ನು ಕೈಬಿಟ್ಟಿತು, ಸಿದ್ಧೌಷಧಗಳಲ್ಲಿ ಮಾತ್ರ ಪೂರ್ತಿ ಹೋಗಲಿಲ್ಲ. ಆದರೆ ಇಲ್ಲಿ ಬಿಲ ಅಗೆದು ಜೀವಂತ ಪ್ರಾಣಿಯನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡವನಿಗೆ ಪೂರ್ವ ಏಷ್ಯಾ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ, ಕೊಳ್ಳುವವನೂ ಗೊತ್ತಿರುವುದಿಲ್ಲ. ಗೊತ್ತಿರುವುದು ಒಂದು ಬೆಲೆ ಮಾತ್ರ. ಆ ಬೆಲೆ ಬಂದದ್ದು ಮೊಬೈಲಿನಿಂದ. ಮೊಬೈಲಿಗೆ ಬಂದದ್ದು ಎಷ್ಟೋ ಸಲ ಜಪ್ತಿಯ ಸುದ್ದಿಯಿಂದಲೇ: "ಇಷ್ಟು ಲಕ್ಷ ಮೌಲ್ಯದ ಚಿಪ್ಪುಹಂದಿ ವಶ" ಎಂಬ ತಲೆಬರಹ. ಅದನ್ನು ಓದಿದ ನೂರು ಜನರಲ್ಲಿ ತೊಂಬತ್ತೆಂಟು ಜನ ಅಯ್ಯೋ ಎನ್ನುತ್ತಾರೆ, ಇಬ್ಬರು ಹಾರೆ ಹುಡುಕುತ್ತಾರೆ. ಜಪ್ತಿ ಮಾಡಿದವರೂ ಕಷ್ಟಪಟ್ಟಿರುತ್ತಾರೆ, ಸಾಧನೆ ದೊಡ್ಡದಾಗಿ ಕಾಣಲಿ ಎಂಬ ಆಸೆ ಸಹಜ. ಆದರೂ ಬೆಲೆಯ ಬದಲು ಶಿಕ್ಷೆಯ ವರ್ಷಗಳನ್ನು ಬರೆಯಿರಿ ಎಂದು ವರದಿಗಾರರ ಬೆನ್ನು ಬೀಳುವುದನ್ನೂ ನಾನು ಸಂರಕ್ಷಣೆಯ ಕೆಲಸ ಎಂದೇ ಲೆಕ್ಕ ಹಾಕುತ್ತೇನೆ. ಅದಕ್ಕೆ ಅನುದಾನ ಸಿಗುವುದಿಲ್ಲ, ಪ್ರಬಂಧದಲ್ಲಿ ಅಧ್ಯಾಯವೂ ಆಗುವುದಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ರತ್ನಾಗಿರಿ ಜಿಲ್ಲೆಯಲ್ಲಿ ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಹಳ್ಳಿಗರ ಜೊತೆ ಕೂತು ಮಾತಾಡಿ ಮಾತಾಡಿ, ಕೊನೆಗೆ 2020ರಲ್ಲಿ ಒಂದು ಹಳ್ಳಿಯವರು ಚಿಪ್ಪುಹಂದಿಯ ಪ್ರತಿಕೃತಿಯನ್ನು ಪಲ್ಲಕ್ಕಿಯಲ್ಲಿಟ್ಟು ಖವಲೋತ್ಸವ ಎಂದು ಹಬ್ಬವನ್ನೇ ಮಾಡಿದರು. ಒಬ್ಬ ವಿಜ್ಞಾನಿಯ ನಕ್ಷೆಯಿಂದ ಅದು ಆಗುತ್ತಿರಲಿಲ್ಲ.

ಹಳೇಬೀಟು

ಮೇಡಂ ಬರೆದದ್ದೆಲ್ಲ ಓದಿದೆ. ಅರಣ್ಯ ರಕ್ಷಕನಾಗಿ ನಿವೃತ್ತನಾದವನು ನಾನು, ಇಂಥ ಕಡೆ ಬರೆದು ಅಭ್ಯಾಸವಿಲ್ಲ. ತಂಗಿಗೆ ಒಂದು ಮಾತು ಹೇಳಬೇಕೆನಿಸಿತು.

ಬಿಲ ತೋರಿಸುವವರು ವಾಚರ್‌ಗಳು. ಅವರಲ್ಲಿ ಬಹಳಷ್ಟು ಜನ ದಿನಗೂಲಿಯವರು. ಮೊದಲ ಮಳೆ ಬಿದ್ದ ಮರುಬೆಳಗ್ಗೆ ಯಾವ ಇಳಿಜಾರಿನಲ್ಲಿ ಹೊಸ ಮಣ್ಣು ಎದ್ದಿರುತ್ತದೆ ಎಂದು ಅವರಿಗೆ ಗೊತ್ತು. ಯಾವ ಹಾಡಿಯಲ್ಲಿ, ಯಾವ ಊರಿನಲ್ಲಿ ಯಾರ ಮನೆಗೆ ಹೊಸಬರು ಬಂದು ಹೋಗುತ್ತಿದ್ದಾರೆ ಎಂಬುದೂ ಅವರಿಗೇ ಮೊದಲು ಗೊತ್ತಾಗುವುದು. ನಮ್ಮ ಕಾಲದಲ್ಲಿ ಸಂಶೋಧನೆಗೆಂದು ಬಂದವರಲ್ಲಿ ಕೆಲವರು ಅವರನ್ನು ಕ್ಯಾಮೆರಾ ಹೊರುವ ಕೂಲಿಯಂತೆ ನಡೆಸಿಕೊಂಡರು. ಪುಸ್ತಕ ಅಚ್ಚಾಗಿ ಬಂದಾಗ ಬಿಲ ತೋರಿಸಿದವನ ಹೆಸರು ಎಲ್ಲೂ ಇರಲಿಲ್ಲ. ಮುಂದಿನ ವರ್ಷ ಅದೇ ವಾಚರ್‌ಗೆ ಬಿಲಗಳು ಕಾಣಿಸುವುದೇ ನಿಂತುಹೋಯಿತು. ಅವನ ತಪ್ಪು ಎಂದು ನನಗೆ ಅನಿಸಲಿಲ್ಲ.

ಇನ್ನೊಂದು. ಪ್ರಾಣಿ ಮಾರಾಟಕ್ಕಿದೆ ಎಂದು ಯಾರಾದರೂ ನಿಮ್ಮ ಕಿವಿಗೆ ಹಾಕಿದರೆ, ಕೊಳ್ಳುವವಳಂತೆ ನಟಿಸಿ ಪ್ರಾಣಿ ಬಿಡಿಸುತ್ತೇನೆ ಎಂದು ಹೊರಡಬೇಡಿ. ಹಣ ಕೊಟ್ಟು ಬಿಡಿಸಿದರೂ ಅದು ಕೊಂಡಂತೆಯೇ, ನಾಳೆ ಅವನು ಇನ್ನೊಂದು ಬಿಲ ಅಗೆಯುತ್ತಾನೆ. ವಲಯ ಅರಣ್ಯಾಧಿಕಾರಿಗೆ ಅಥವಾ ಅರಣ್ಯ ಸಂಚಾರಿ ದಳಕ್ಕೆ ಹೇಳಿ. ಕರ್ನಾಟಕದಲ್ಲಾದರೆ 1926ಕ್ಕೆ ಕರೆ ಮಾಡಿದರೂ ಆಗುತ್ತದೆ. ಹೇಳಿ ಸುಮ್ಮನಿರಿ, ಊರಲ್ಲಿ ಮತ್ತೆ ಯಾರ ಜೊತೆಯೂ ಆ ಮಾತು ಎತ್ತಬೇಡಿ.

ಗೆದ್ದಲುಹುತ್ತ

ಹಳೇಬೀಟು ಅವರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆ. ನೀಲಿಕಣಜ ಅವರೇ, ವಾಚರ್‌ಗಳ ಹೆಸರನ್ನು ಕೃತಜ್ಞತೆಯ ಪುಟದಲ್ಲಷ್ಟೇ ಹಾಕಬೇಡಿ. ಬಿಲದ ಸಮೀಕ್ಷೆಯ ಪ್ರಬಂಧದಲ್ಲಿ, ಅವರು ಒಪ್ಪಿದರೆ, ಸಹಲೇಖಕರಾಗಿಯೇ ಹಾಕಬಹುದು. ದಿನದ ಸಂಬಳವನ್ನು ಅನುದಾನದ ಅರ್ಜಿಯಲ್ಲೇ ಸೇರಿಸಿ.

ಇನ್ನು ಕೊನೆಯದಾಗಿ ವ್ಯವಹಾರದ ವಿಷಯ. ಅಭಯಾರಣ್ಯದೊಳಗೆ ಕಾಲಿಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಪ್ರಾಣಿಯನ್ನು ಹಿಡಿದು ಟ್ಯಾಗ್ ಹಾಕುವುದಾದರೆ, ಮೊದಲನೇ ಅನುಸೂಚಿಯದಾದ್ದರಿಂದ, ಕೇಂದ್ರ ಸರ್ಕಾರದ ಒಪ್ಪಿಗೆಯೂ ಸೇರಬೇಕು. ಕಾಗದ ಕೈಗೆ ಬರುವಷ್ಟರಲ್ಲಿ ಒಂದು ಬೇಸಿಗೆ ಕಳೆದುಹೋಗಬಹುದು. ಆದ್ದರಿಂದ ಮೊದಲ ಹಂತಕ್ಕೆ ಟ್ಯಾಗ್ ಬೇಡ, ಬಿಲ, ಲದ್ದಿ, ಕ್ಯಾಮೆರಾ ಇಷ್ಟಕ್ಕೇ ಅರ್ಜಿ ಹಾಕಿ. ಪ್ರಶ್ನೆಯನ್ನೂ ಚಿಕ್ಕದು ಮಾಡಿಕೊಳ್ಳಿ. "ಚಿಪ್ಪುಹಂದಿಯ ಪರಿಸರ ವಿಜ್ಞಾನ" ಎಂದು ಬರೆದರೆ ಯಾರೂ ಮುಗಿಸಲಾಗದ ಕೆಲಸ. ಕಾಡಿನ ಅಂಚಿನಲ್ಲಿ ಮಲಗುವ ಬಿಲಗಳು ಹೆಚ್ಚೋ ಒಳಗಾಡಿನಲ್ಲಿ ಹೆಚ್ಚೋ, ಮತ್ತು ಅಗೆತಕ್ಕೆ ಒಳಗಾಗುವುದು ಯಾವುವು? ಇಷ್ಟಕ್ಕೆ ಗಟ್ಟಿಯಾದ ಉತ್ತರ ಸಿಕ್ಕರೆ ನಾನು ಮೊದಲು ಓದುತ್ತೇನೆ.

ಪ್ರಸ್ತಾವದ ಕರಡು ಸಿದ್ಧವಾದಾಗ ಇಲ್ಲಿ ತಿಳಿಸಿ, ನೋಡಿ ಕೊಡುತ್ತೇನೆ. ಒಂದು ಚಿಪ್ಪುಹಂದಿ ವರ್ಷಕ್ಕೆ ಏಳು ಕೋಟಿ ಇರುವೆ ತಿನ್ನುತ್ತದೆ ಎಂಬ ಆ ಪ್ರಸಿದ್ಧ ವಾಕ್ಯ ಅದರಲ್ಲಿದ್ದರೆ ಮೊದಲೇ ತೆಗೆದುಬಿಡಿ. ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿದ್ದಾರೆ, ತಲೆಗಳನ್ನು ಎಣಿಸಿದವರು ಕಡಿಮೆ.